ಅಂಚೆಯವರ ಸಂಘ ಒಡೆದದ್ದು

ಕಾರ್ಡು ಬರೆದು ಡಬ್ಬಿಗೆ ಹಾಕಿ, ಉತ್ತರಕ್ಕಾಗಿ ಹತ್ತು ದಿನ ಬಾಗಿಲು ಕಾಯುತ್ತಿದ್ದ ಕಾಲ ಅದು. ಆಗ ಸಾಗರದಲ್ಲಿ ಪೋಸ್ಟ್‌ಮ್ಯಾನ್ ಮಗಳು ಅಂದರೆ ಸಣ್ಣ ಮರ್ಯಾದೆಯಲ್ಲ. ಆದರೆ ಆ ಮರ್ಯಾದೆಯನ್ನು ನಾನು ವಿಮಲೆಯ ಜೊತೆ ಹಂಚಿಕೊಳ್ಳಬೇಕಿತ್ತು. ನನ್ನ ಹೊಟ್ಟೆಕಿಚ್ಚು ಶುರುವಾದದ್ದೇ ಅಲ್ಲಿಂದ. ಅವಳ ಅಪ್ಪ ತಿಮ್ಮಪ್ಪ ಮಾಮನೂ ಪೋಸ್ಟ್‌ಮ್ಯಾನ್, ಕಾಗದ ಹಂಚಲು ಅವರದು ಪೇಟೆ ಬೀಟು. ಗಂಧ ಕೆತ್ತುವ ಗುಡಿಗಾರರ ಬೀದಿಯಲ್ಲಿ ಕಾಗದ ಕೊಟ್ಟು ಬರುವಾಗ ಮಗಳಿಗೆಂದು ಗಂಧದ ಚಕ್ಕೆ ತರುತ್ತಿದ್ದರು. ವಿಮಲೆಯ ಪಾಟಿಚೀಲವೆಲ್ಲ ಘಮಘಮ. ನನ್ನಪ್ಪನದು ಊರ ಹೊರಗಿನ ಬೀಟು. ನನ್ನ ಚೀಲಕ್ಕೆ ಪೇರಲೆಕಾಯಿಯ ವಾಸನೆ. ಕುಂಟಾಬಿಲ್ಲೆ ಆಡುವಾಗ ಅವಳು ಗೆರೆ ತುಳಿದಳೆಂದು ಸುಳ್ಳೇ ಕೂಗುತ್ತಿದ್ದೆ.

ಅಪ್ಪಂದಿರಿಬ್ಬರು ಮಾತ್ರ ಜೀವದ ಗೆಳೆಯರು. ಒಂದು ಕಾಫಿ ತರಿಸಿ ಎರಡು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುವವರು. ಅಂಚೆ ನೌಕರರ ಸಂಘದ ಶಾಖೆಯನ್ನು ಊರಲ್ಲಿ ಕಟ್ಟಿದ್ದೂ ಅವರೇ. ಅದರ ಬೋರ್ಡಿನ ಬಣ್ಣ ಒಣಗಿದ್ದು ನಮ್ಮ ಜಗುಲಿಯಲ್ಲಿ.

ಒಂದು ಮಳೆಗಾಲದ ಕೊನೆಗೆ ದೇಶದ ತುಂಬ ಒಂದು ದಿನದ ಮುಷ್ಕರ ಎಂದಾಯಿತು. ಮಾಮ ಕೆಲಸಕ್ಕೆ ಹೋಗಲಿಲ್ಲ. ಅಪ್ಪ ಹೋದರು. ತಮ್ಮ ಹುಟ್ಟಿ ಹನ್ನೆರಡು ದಿನವಾಗಿತ್ತು, ಅಮ್ಮ ಬಾಣಂತಿ. ನೌಕರಿ ಹೋದರೆ ಗತಿಯೇನೆಂದು ಹೆದರಿದರು. ಮಾಮನನ್ನು ಸಸ್ಪೆಂಡ್ ಮಾಡಿದರು. ಅವರ ಬೀಟು ಅಪ್ಪನಿಗೆ ಬಂತು.

ನನಗೆ ಖುಷಿಯೋ ಖುಷಿ, ಇನ್ನು ಗಂಧದ ಚಕ್ಕೆ ನನಗೇ ಎಂದು. ಆದರೆ ಅಪ್ಪ ಬರಿಗೈಯಲ್ಲಿ ಬರುತ್ತಿದ್ದರು. ಅತ್ತ ವಿಮಲೆಯ ಮನೆ ಮದುವೆಮನೆಯಂತಾಯಿತು. ಹೊಸನಗರ, ತೀರ್ಥಹಳ್ಳಿಯಿಂದ ಸಂಘದವರು ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ ಹೊತ್ತು ಬಸ್ಸಿಳಿದು ಬರುತ್ತಿದ್ದರು. ಮೇಷ್ಟ್ರು ಎಲ್ಲರೆದುರೇ ಅವಳಿಗೆ, "ನಿಮ್ಮಪ್ಪ ಗಟ್ಟಿಗ ಕಣೇ" ಅಂದರು. ಬೀಟು ನಮ್ಮದಾದರೂ ಮರ್ಯಾದೆಯೆಲ್ಲ ಅವಳದೇ ಆಯಿತು.

ಅಪ್ಪನಿಗೆ ಪೇಟೆ ಹೊಸದು. ಗುಡಿಗಾರರಲ್ಲಿ ಒಂದೇ ಹೆಸರಿನವರು ಮೂರು ಮೂರು ಜನ. ಶರಾವತಿಯಲ್ಲಿ ಮುಳುಗಡೆಯಾದ ಊರುಗಳಿಂದ ಬಂದವರು ಓಣಿಗಳಲ್ಲಿ ಬಾಡಿಗೆಗಿದ್ದರು. ನೆಂಟರು ಇನ್ನೂ ನೀರಿನಡಿ ಹೋದ ಊರಿನ ಹೆಸರನ್ನೇ ಬರೆದು ಕಾಗದ ಹಾಕುತ್ತಿದ್ದರು. ಯಾರು ಎಲ್ಲಿದ್ದಾರೆಂಬುದು ಮಾಮನ ತಲೆಯಲ್ಲಿ ಮಾತ್ರ ಇತ್ತು. ಒಂದು ಸಂಜೆ ಅಪ್ಪ ನಾಲ್ಕು ಹೆಸರು ಬರೆದ ಚೀಟಿಯನ್ನು ನನ್ನ ಕೈಗಿಟ್ಟರು.

"ಮಾಮನ ಹತ್ರ ಕೇಳ್ಕಂಡ್ ಬಾ ಮಗಾ."

"ನೀವೇ ಹೋಗಿ ಅಪ್ಪ."

"ಯಾವ ಮುಖ ಇಟ್ಕಂಡ್ ಹೋಗ್ಲಿ?"

ನಾನೇ ಹೋದೆ. ಮಾಮನ ಪಕ್ಕದಲ್ಲಿ ಕೂತಿದ್ದ ತೀರ್ಥಹಳ್ಳಿಯವರೊಬ್ಬರು ಚೀಟಿ ನೋಡಿ, "ಮುಷ್ಕರದ ದಿನ ಕೆಲಸಕ್ಕೆ ಹೋದವ್ರಿಗೆಲ್ಲ ಹೇಳ್ಬೇಡಿ ಮಾರಾಯ್ರೆ" ಅಂದರು.

"ಕಾಗದ ಎಂತ ತಪ್ಪು ಮಾಡಿದೆ? ಬರ್ಕೋ ಕುಸುಮಾ" ಎಂದು ಮಾಮ ಒಂದೊಂದೇ ಮನೆಯ ಗುರುತು ಹೇಳಿದರು.

ಹದಿನೈದು ದಿನ ಹೀಗೇ ನಡೆಯಿತು. ನಾನು ಬರುವವರೆಗೆ ಅಪ್ಪ ಜಗುಲಿಯಲ್ಲೇ ಕಾಯುತ್ತಿದ್ದರು. "ಮಾಮ ಎಂತಾದ್ರೂ ಅಂದ್ನಾ?" ಎಂದು ಆಸೆಯಿಂದ ಕೇಳುತ್ತಿದ್ದರು. ಆಮೇಲೆ ಚೀಟಿ ಓದಿ, ಇಡೀ ಪೇಟೆ ಅವನ ತಲೆಯಲ್ಲಿದೆ ಎಂದು ಹೊಗಳುತ್ತಿದ್ದರು. ನನ್ನಪ್ಪನೂ ಅವಳಪ್ಪನನ್ನೇ ಹೊಗಳಬೇಕೇ?

ಒಂದು ಸಂಜೆ ವಿಮಲೆ ಹಲಸಿನ ಹಪ್ಪಳ ಮುರಿಯುತ್ತಾ, "ನಿಮ್ಮಪ್ಪಂಗೆ ಇಷ್ಟೂ ಗೊತ್ತಿಲ್ವನೇ?" ಅಂದಳು. ಕೂತವರೆಲ್ಲ ನಕ್ಕರು. ಮಾಮ ಅವಳನ್ನು ಗದರಿದರು, ಆದರೆ ನನ್ನ ಕಿವಿಯಲ್ಲಿ ಉಳಿದದ್ದು ಆ ನಗು ಮಾತ್ರ.

ಮರುದಿನ ಅಪ್ಪ ಕೊಟ್ಟ ಚೀಟಿ ಹರಿದು ಚರಂಡಿಗೆ ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು ಮನೆಗೆ ಬಂದು, "ಕೆಲಸಕ್ಕೆ ಹೋದವ್ರಿಗೆ ಇನ್ಮೇಲೆ ಹೇಳಲ್ಲ ಅಂದ್ರು ಮಾಮ" ಅಂದೆ.

ಅಪ್ಪ ಆ ದಿನ ಊಟಕ್ಕೂ ಏಳಲಿಲ್ಲ. ನನಗೆ ಅಯ್ಯೋ ಅನ್ನಿಸಲಿಲ್ಲ, ಹೊಟ್ಟೆ ತಣ್ಣಗಾಯಿತು. ವಾರದ ಮೇಲೆ ಮಾಮ ದಾರಿಯಲ್ಲಿ ನಿಲ್ಲಿಸಿ, "ಯಾಕೆ ಚೀಟಿ ಬರ್ತಿಲ್ಲ ಮಗಾ?" ಎಂದು ಕೇಳಿದರು.

"ಅಪ್ಪಂಗೆ ಈಗ ಎಲ್ಲ ಗೊತ್ತು. ನಿಮ್ಮನ್ನ ಕೇಳೋದ್ ಬೇಡ ಅಂದ್ರು."

ಮಾಮ ನನ್ನ ತಲೆ ಸವರಿ ಹೋದರು.

ಕೆಲವು ತಿಂಗಳ ಮೇಲೆ ಮಾಮ ಕೆಲಸಕ್ಕೆ ಮರಳಿದರು. ಅಪ್ಪ ಸಂಘ ಬಿಟ್ಟು ಇನ್ನೊಂದು ಸಂಘ ಕಟ್ಟಿದರು. ನಿವೃತ್ತಿಯವರೆಗೂ ಇಬ್ಬರೂ ಒಂದೇ ಮೇಜಿನ ಎರಡು ತುದಿಯಲ್ಲಿ, ಒಂದೂ ಮಾತಿಲ್ಲದೆ ಕಾಗದ ವಿಂಗಡಿಸಿದರು. ಈಗ ಇಬ್ಬರೂ ಇಲ್ಲ. ಅಂಥ ಸ್ನೇಹವನ್ನು ಆಮೇಲೆ ನಾನು ಎಲ್ಲೂ ನೋಡಲಿಲ್ಲ, ನನಗಂತೂ ಸಿಗಲಿಲ್ಲ.

ಮೊನ್ನೆ ವಿಮಲೆ ಸಂಘದ ಇತಿಹಾಸದ ಪುಸ್ತಕ ಕಳಿಸಿದ್ದಳು. ಮಾಮನಿಗೆ ಫೋಟೋ ಸಮೇತ ಇಡೀ ಪುಟ. ಅಪ್ಪನಿಗೆ ಒಂದೇ ಸಾಲು: ಧೋರಣೆಯ ಭಿನ್ನಾಭಿಪ್ರಾಯದಿಂದ ಹೊರನಡೆದರು. ಈ ವಯಸ್ಸಿನಲ್ಲೂ ಮೊದಲು ಉರಿದದ್ದು ನನ್ನ ಹೊಟ್ಟೆಯೇ. ಅಪ್ಪನಿಗೆ ಧೋರಣೆಯೇನೂ ಇರಲಿಲ್ಲ. ಗೆಳೆಯ ಕೈಬಿಟ್ಟನೆಂಬ ಸಂಕಟವಿತ್ತು, ಅದನ್ನು ತಂದುಕೊಟ್ಟವಳು ನಾನು.

ವಿಮಲೆಗೆ ಎಲ್ಲವನ್ನೂ ಬರೆದುಬಿಡಬೇಕೆಂದು ಕಾರ್ಡು ತೆಗೆದುಕೊಂಡು ಕೂತೆ. "ಪುಸ್ತಕ ತಲುಪಿತು. ಅಪ್ಪನ ಬಗ್ಗೆ ಸರಿಯಾಗಿಯೇ ಬರೆದಿದ್ದಾರೆ" ಎಂದಷ್ಟೇ ಬರೆದು ಡಬ್ಬಿಗೆ ಹಾಕಿದೆ.