ವಂದನಾರ್ಪಣೆಯಲ್ಲಿ ಬಿಟ್ಟ ಹೆಸರು

ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಎಷ್ಟೋ ವರ್ಷ ಕನ್ನಡಕದ ಗಾಜನ್ನು ಸಾಣೆಕಲ್ಲಿಗೆ ಒತ್ತಿ ಹಿಡಿದು ಅಂಚು ಉಜ್ಜಿದ ಬೆರಳು ಅದು. ಉಗುರಿನ ಸಂದಿಯಲ್ಲಿ ಯಾವಾಗಲೂ ಗಾಜಿನ ಬಿಳಿ ಪುಡಿ. ತೊಂಬತ್ತರ ದಶಕದಲ್ಲಿ ಪಾಂಡವಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಅವರ ಅಂಗಡಿಯಿತ್ತು. ಊರಿಗೆಲ್ಲ ಅವರು ಕನ್ನಡಕದಣ್ಣ. ಗೋಡೆಯ ಮೇಲಿನ ಅಕ್ಷರ ಓದಿಸುತ್ತಾ, ಒಂದೊಂದೇ ಗಾಜು ಬದಲಿಸುತ್ತಾ, "ಕಣ್ಣು ಸುಳ್ಳೇಳಕಿಲ್ಲ ಕಣವ್ವಾ, ನೀನ್ ಸುಮ್ನೆ ಓದು" ಅನ್ನುವರು. ಆ ಮಾತನ್ನು ನಾನು ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಆ ಕುರ್ಚಿಯಲ್ಲಿ ಕೂತಿದ್ದವಳು ನನ್ನ ಅಕ್ಕ.

ಅಕ್ಕ ತೊಣ್ಣೂರಿನ ಕಡೆಯ ಶಾಲೆಯೊಂದರಲ್ಲಿ ಟೀಚರು. ಬೆಳಗ್ಗೆ ಏಳುತ್ತಲೇ ತಲೆನೋವು, ಒಮ್ಮೊಮ್ಮೆ ವಾಂತಿ. ಬೋರ್ಡಿನ ಅಕ್ಷರ ಎರಡೆರಡಾಗಿ ಕಾಣುತ್ತಿತ್ತು. ಕನ್ನಡಕದಣ್ಣ ಒಂದೇ ವರ್ಷದಲ್ಲಿ ಮೂರು ಸಲ ನಂಬರು ಬದಲಿಸಿದರು. ನಾಲ್ಕನೆಯ ಸಲ ಹೋಗುವ ಮೊದಲೇ ಅವಳು ಬೋರ್ಡಿನ ಮುಂದೆ ಬಿದ್ದಳು. ಮಿದುಳಿನಲ್ಲಿ ಕ್ಯಾನ್ಸರ್ ಗಡ್ಡೆ, ತಡವಾಗಿದೆ ಎಂದರು ಮೈಸೂರಿನ ಡಾಕ್ಟರು. ಆರು ತಿಂಗಳಿದ್ದಳು.

ನನಗೆ ಬೈಯಲು ಒಬ್ಬರು ಬೇಕಿತ್ತು. ಸಿಕ್ಕವರು ಕನ್ನಡಕದಣ್ಣ. ಅವರು ಡಾಕ್ಟರಲ್ಲ, ಗಾಜು ಉಜ್ಜುವವರು ಎಂದು ಗೊತ್ತಿತ್ತು. ಮೂರು ಸಲವೂ ಅಕ್ಕನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಕರೆದೊಯ್ದವನು ನಾನೇ ಎಂದೂ ಗೊತ್ತಿತ್ತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ. ಅಂಗಡಿಯ ಮುಂದೆ ಹಾಯುವಾಗ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ.

ಮರುವರ್ಷ ಆ ಮನುಷ್ಯ ಕೆಲಕಾಲ ಅಂಗಡಿಗೆ ಬೀಗ ಹಾಕಿ ಊರೂರು ತಿರುಗತೊಡಗಿದರು. ತೊಣ್ಣೂರಿನಿಂದ ಶ್ರೀರಂಗಪಟ್ಟಣದವರೆಗೆ ಜನ ನಡೆಯಬೇಕು, ನೋಡಿದವರು ಕೈಲಾದಷ್ಟು ಕೊಡಬೇಕು, ಬಂದದ್ದೆಲ್ಲ ಮಿದುಳಿನ ಕ್ಯಾನ್ಸರಿನ ಸಂಶೋಧನೆಗೆ ಹೋಗಬೇಕು. ಅದೊಂದೇ ಹುಚ್ಚು. ಹಾಲಿನ ಡೈರಿಯ ಮುಂದೆ ಒಬ್ಬ ನನ್ನ ಎದುರಿಗೇ ಅವರನ್ನು ನೋಡಿ ನಕ್ಕ.

"ನಾವ್ ನಡುದ್ರೆ ಗಡ್ಡೆ ಕರಗ್ತದಾ ಅಣ್ಣೋ?"

"ಗಡ್ಡೆ ಯಾಕ್ ಬತ್ತದೆ ಅಂತ ಡಾಕ್ಟ್ರುಗಳ್ಗೇ ಸರ್ಯಾಗ್ ಗೊತ್ತಿಲ್ವಂತೆ ಕಣ್ಲಾ. ಅವ್ರು ಓದ್ಲಿ ಅಂತ ನಾವ್ ನಡಿಯದು."

ನಡಿಗೆಯ ದಿನ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಬಂದರು. ಬಾಬುರಾಯನಕೊಪ್ಪಲಿನ ಹೆಂಗಸರು ಬಿಂದಿಗೆ ತುಂಬ ಮಜ್ಜಿಗೆ ಇಟ್ಟುಕೊಂಡು ಕಾದಿದ್ದರು. ಕನ್ನಡಕದಣ್ಣ ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸುಸ್ತಾದ ಮುದುಕರನ್ನು ಮಾತಾಡಿಸುತ್ತಾ ಎಲ್ಲರಿಗಿಂತ ಹಿಂದೆ ಬಂದರು.

ಶ್ರೀರಂಗಪಟ್ಟಣದಲ್ಲಿ ಸಣ್ಣ ಸಭೆ. ವಂದನಾರ್ಪಣೆ ನನ್ನದು. ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು, ಗಂಟಲು ಚೆನ್ನಾಗಿದೆ ಎಂದು ಯಾವ ಸಮಾರಂಭವಾದರೂ ಕೊನೆಗೆ ನನ್ನನ್ನೇ ಎಬ್ಬಿಸುತ್ತಿದ್ದರು. ಶಾಮಿಯಾನದವರು, ಮೈಕ್‌ಸೆಟ್ಟಿನವರು, ಮಜ್ಜಿಗೆ ಕೊಟ್ಟವರು, ಟ್ರಾಕ್ಟರು ಕಳಿಸಿದವರು, ನೆಲ ಗುಡಿಸಿದವರು, ಎಲ್ಲರ ಹೆಸರೂ ಹೇಳಿದೆ. ಚೀಟಿಯ ಮೊದಲ ಸಾಲಿನಲ್ಲಿದ್ದ ಒಂದು ಹೆಸರನ್ನು ಮಾತ್ರ ಓದಲಿಲ್ಲ. ಮರೆವೆಂದು ಈಗ ಸುಳ್ಳು ಹೇಳಲಾರೆ. ಕನ್ನಡಕದಣ್ಣ ಹಿಂದಿನ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ನಾನೂ ಅವರನ್ನು ನೋಡಿಕೊಂಡೇ ಆ ಹೆಸರು ಬಿಟ್ಟೆ.

ಸಭೆ ಮುಗಿದ ಮೇಲೆ ಕುರ್ಚಿ ಮಡಚುತ್ತಿದ್ದ ಕನ್ನಡಕದಣ್ಣ ನನ್ನ ಹತ್ತಿರ ಬಂದರು. "ಚೆಂದಾಗ್ ಏಳುದ್ರಿ ಮೇಷ್ಟ್ರೇ. ಒಬ್ರುನ್ನೂ ಬುಡ್ನಿಲ್ಲ."

ವ್ಯಂಗ್ಯವಿದೆಯೇ ಎಂದು ಮುಖ ನೋಡಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಮನೆಗೆ ಬಂದು ಹೆಂಡತಿಯ ಮೇಲೆ ರೇಗಿದೆ, ಊಟ ಬಿಟ್ಟೆ.

ಎರಡು ವರ್ಷದ ಮೇಲೆ ಉತ್ತರಪತ್ರಿಕೆ ತಿದ್ದುವಾಗ ನನಗೂ ಅಕ್ಷರ ಮಸುಕಾಗತೊಡಗಿತು. ಕ್ಷಮೆಯನ್ನೂ ಕೇಳಿಬಿಡೋಣ ಎಂದುಕೊಂಡು ಅವರಲ್ಲಿಗೇ ಹೋದೆ. ಕೂರಲೂ ಬಿಡಲಿಲ್ಲ.

"ತಲೆ ನೋಯ್ತದಾ?"

"ಒಸಿ ನೋಯ್ತದೆ."

"ಅಂಗಾರೆ ಮೈಸೂರ್ಗೋಗಿ ತಲೆ ತೋರ್ಸ್ಕೊಂಡ್ ಬನ್ನಿ. ಅಲ್ಲೀಗಂಟ ಕನ್ನಡಕ ಕೊಡಕಿಲ್ಲ."

ತಲೆನೋವು ಎಂದವರಿಗೆಲ್ಲ ಅದೇ ಮಾತಂತೆ. ಕೆ.ಆರ್. ಪೇಟೆ, ನಾಗಮಂಗಲದಿಂದ ಬಂದವರು ಬೈದು ಬೇರೆ ಅಂಗಡಿಗೆ ಹೋಗುತ್ತಿದ್ದರು. ನಾನೂ ಜಗಳವಾಡಿದೆ. ಅವರು ಜಗ್ಗಲಿಲ್ಲ. ರಜೆ ಹಾಕಿ, ಗೊಣಗುತ್ತಾ ಮೈಸೂರಿಗೆ ಹೋದೆ. ತಲೆಯಲ್ಲಿ ಏನೂ ಇರಲಿಲ್ಲ. ಡಾಕ್ಟರ ಚೀಟಿಯನ್ನು ಕನ್ನಡಕದಣ್ಣ ಮೂರು ಸಲ ಓದಿದರು, ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಕನ್ನಡಕ ತೊಡಿಸಿ, ಆ ಚಪ್ಪಟೆ ಹೆಬ್ಬೆರಳಿನಿಂದ ಮೂಗಿನ ಮೇಲೆ ಕೂರಿಸಿದರು. ಕಣ್ಣು ಸುಳ್ಳು ಹೇಳುವುದಿಲ್ಲ ಎಂಬ ಹಳೆಯ ಮಾತು ಬರಲಿಲ್ಲ. "ಈಗ ಓದಿ ಮೇಷ್ಟ್ರೇ" ಎಂದರು, ಅಷ್ಟೇ.

ಹೇಳಬೇಕಾದದ್ದು ಗಂಟಲಿಗೆ ಬಂದಿತ್ತು. ಬೆಂಚಿನ ಮೇಲೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಅವರ ಮುಂದೆ ಬೇಡ, ಇನ್ನೊಂದು ಸಲ ಬಂದಾಗ ಹೇಳೋಣ ಎಂದು ಎದ್ದು ಬಂದೆ. ನನ್ನ ಈ ದರಿದ್ರ ಬುದ್ಧಿಗೆ ಏನು ಹೇಳಲಿ!

ಆ ಬೇಸಿಗೆಯಲ್ಲಿ ಕನ್ನಡಕದಣ್ಣ ಎದೆನೋವಿನಿಂದ ಹೋದರು. ಬಸ್‌ಸ್ಟ್ಯಾಂಡಿನ ಅಂಗಡಿಯವರೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಮಾಡಿದರು. ನಡೆಸುತ್ತಿದ್ದವನು ಅಭ್ಯಾಸಬಲದಿಂದ ನನ್ನ ಕಿವಿಯಲ್ಲಿ, "ಕೊನೇಲಿ ನೀವೇ ಅಲ್ವಾ ಮೇಷ್ಟ್ರೇ?" ಎಂದ. ನಾನು ಥಟ್ಟನೆ ಎದ್ದೇಬಿಟ್ಟೆ. ಅವನು ನಾಲಿಗೆ ಕಚ್ಚಿಕೊಂಡ. "ಅಯ್ಯೋ, ಇದ್ರಲ್ಲಿ ವಂದನಾರ್ಪಣೆ ಇರಕಿಲ್ಲ, ಕೂತ್ಕಳಿ."

ಎರಡು ನಿಮಿಷ ಮೌನ ಎಂದರು. ಅವರು ತೊಡಿಸಿದ ಕನ್ನಡಕ ಹಾಕಿಕೊಂಡು, ಊರಿಗೆಲ್ಲ ಕೇಳುವ ಗಂಟಲಿನ ನಾನು ಎಲ್ಲರ ಜೊತೆ ಬಾಯಿ ಮುಚ್ಚಿಕೊಂಡು ನಿಂತೆ.