ಬಿಚ್ಚಪ್ಪನ ಕೈಗುಣವೂ ಕಾರ್ಡಿನ ವಾರಂಟಿಯೂ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಆ ಮನುಷ್ಯನಿಗೆ ಬೀದಿಯವರು ಬಿಚ್ಚಪ್ಪ ಎಂದು ಹೆಸರಿಟ್ಟಿದ್ದರು. ಇಟ್ಟವರ ತಪ್ಪೇನೂ ಇರಲಿಲ್ಲ. ಕೆಟ್ಟ ವಸ್ತುವನ್ನು ಬಿಚ್ಚುವವರು ಎಲ್ಲ ಕಡೆಯೂ ಇರುತ್ತಾರೆ. ಚೆನ್ನಾಗಿರುವುದನ್ನು ಬಿಚ್ಚುವುದಕ್ಕೆ ಪ್ರತಿಭೆ ಬೇಕು. ಅವನು ಬಿಚ್ಚಿ ಜೋಡಿಸಿದ ಮನೆಯ ಫ್ಯಾನು ಬೀದಿಗೆಲ್ಲ ಜೋರಾಗಿ ತಿರುಗುತ್ತಿತ್ತು. ಹಾಗಾಗಿ ಅದರ ಕೆಳಗೆ ಮಲಗುವ ಧೈರ್ಯ ಯಾರಿಗೂ ಇರಲಿಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್ ಕಿರಿಕಿರಿಯೆಂದು ಒಂದು ಭಾನುವಾರ ಅದನ್ನು ಸರಿಪಡಿಸಿದ. ಸದ್ದು ನಿಂತಿತು. ಮುಳ್ಳೂ ನಿಂತಿತು.

ಇಷ್ಟನ್ನೂ ಅವನ ಹೆಂಡತಿ ನಗುತ್ತಲೇ ಸಹಿಸಿಕೊಂಡಿದ್ದಳು. ಅವಳು ಪೀಠೋಪಕರಣದ ಅಂಗಡಿಗೆ ಮನೆಯಿಂದಲೇ ಚಿತ್ರ ಮಾಡಿಕೊಡುತ್ತಿದ್ದಳು. ಇನ್ನೂ ಕಟ್ಟದ ಕೋಣೆಯನ್ನು, ಅದರ ಕಪಾಟು, ಮೇಜು, ಕಿಟಕಿಯಿಂದ ಓರೆಯಾಗಿ ಬೀಳುವ ಬಿಸಿಲು ಸಮೇತ ಕಂಪ್ಯೂಟರಿನಲ್ಲಿ ಮೂಡಿಸುವ ಕೆಲಸ. ಬಿಸಿಲನ್ನು ಸರಿಯಾಗಿ ಬೀಳಿಸುವುದು ಅವಳಿಗೆ ಬಹಳ ಇಷ್ಟ. ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಅವಳು ತನ್ನ ದುಡಿಮೆಯಲ್ಲೇ ಒಂದನ್ನು ಕೊಂಡಿದ್ದಳು. ಮೂರು ವರ್ಷ ವಾರಂಟಿ. ಕಾರ್ಡಿನ ಒಂದು ಸ್ಕ್ರೂ ಮೇಲೆ ಕಂಪನಿಯ ಪುಟ್ಟ ಸೀಲು: ಇದು ಹರಿದಿದ್ದರೆ ನಮ್ಮನ್ನು ಕೇಳಬೇಡಿ ಎಂದು ಅದರ ಅರ್ಥ.

ಬಿಚ್ಚಪ್ಪನ ಕಣ್ಣಿಗೆ ಅದು ಆಮಂತ್ರಣ ಪತ್ರಿಕೆಯ ಹಾಗೆ ಕಂಡಿತು.

"ಕಾರ್ಡ್ ಎಷ್ಟು ಬಿಸಿಯಾಗುತ್ತೆ ನೋಡಿದ್ಯಾ? ಪಾಪ ಕಣೇ," ಎಂದ.

"ಅದರ ಪಾಪ ಅದಕ್ಕಿರಲಿ. ನೀವು ಕೈ ಹಚ್ಚಬೇಡಿ."

ಅವಳು ಅಕ್ಕನ ಮನೆಗೆ ಹೋದ ವಾರಾಂತ್ಯದಲ್ಲಿ ಅವನು ಕೈ ಹಚ್ಚಿದ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯಿಂದ ಸೀಲನ್ನು ಮೆತ್ತಗೆ ಮಾಡಿ, ಗಾಜಿನ ತುಣುಕಿನ ಮೇಲೆ ಸುಕ್ಕಾಗದಂತೆ ಎತ್ತಿಟ್ಟ. ಕಾರ್ಡಿನ ಚಿಪ್ ಮೇಲೆ ಶಾಖ ಎಳೆದುಕೊಳ್ಳಲೆಂದು ಕಂಪನಿಯವರು ಹಚ್ಚಿದ್ದ ಪೇಸ್ಟನ್ನು ಒರೆಸಿ, ತಾನು ತರಿಸಿದ್ದನ್ನು ಹಚ್ಚಿದ. ಪುಟ್ಟ ಫ್ಯಾನುಗಳನ್ನು ತೆಗೆದು ದೊಡ್ಡವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದ. ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಆದರೆ ಕಾರ್ಡಿನೊಳಗಿನ ಸಾಫ್ಟ್‌ವೇರನ್ನೂ ಬದಲಿಸಿ, ಕಂಪನಿಯವರು ಅದಕ್ಕೆ ಹೇಳಿದ್ದಕ್ಕಿಂತ ಹೆಚ್ಚು ಕರೆಂಟು ಕುಡಿಸಿದ. ಕಾರ್ಡು ಕೆಲವು ದಿನ ಕುದುರೆಯಂತೆ ಓಡಿತು. ಆಮೇಲೆ, ಅವಳು ಒಂದು ಬಟ್ಟೆಯಂಗಡಿಯ ಚಿತ್ರ ಮುಗಿಸುತ್ತಿದ್ದಾಗ, ಪರದೆಯ ತುಂಬ ಹಸಿರು ಗೆರೆ ಬಂದು ಕತ್ತಲಾಯಿತು. ಚಿತ್ರಗಳನ್ನು ಮಾರನೆಯ ಸಂಜೆಯೊಳಗೆ ಕೊಡಬೇಕಿತ್ತು. ಕೊಟ್ಟರೆ ಆ ಬಟ್ಟೆಯಂಗಡಿಯ ಉಳಿದ ಶಾಖೆಗಳ ಕೆಲಸವೂ ಅವಳದೇ.

ಕಂಪ್ಯೂಟರ್ ತೆರೆದು ಆ ದೊಡ್ಡ ಫ್ಯಾನುಗಳನ್ನು ನೋಡಿಯೂ ಅವಳು ಕೂಗಾಡಲಿಲ್ಲ. "ಮೊದಲಿದ್ದ ಹಾಗೆ ಮಾಡಿ. ಬೆಳಿಗ್ಗೆ ಸರ್ವಿಸ್ ಸೆಂಟರಿಗೆ ಹೋಗೋಣ. ಅಲ್ಲಿ ನೀವು ಬಾಯಿ ಬಿಡಬಾರದು," ಎಂದಳು, ಅಷ್ಟೇ.

ಮೊದಲಿದ್ದ ಹಾಗೆ ಮಾಡುವುದರಲ್ಲೂ ಅವನದು ಎತ್ತಿದ ಕೈ. ಹಳೆಯ ಸಾಫ್ಟ್‌ವೇರು, ಹಳೆಯ ಫ್ಯಾನು, ಅದರ ಹಳೆಯ ಧೂಳು ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದವು. ಸೀಲನ್ನು ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಅಂಟಿಸಿದ. ಹೆಂಡತಿ ಬಂದು ನೋಡಿದರೆ ಯಾವ ಸ್ಕ್ರೂ ಬಿಚ್ಚಿದ್ದು ಎಂದೇ ತಿಳಿಯಲಿಲ್ಲ. ಸುಳ್ಳು ಹೇಳಹೊರಟಿದ್ದರೂ ಅವಳಿಗೆ ಗಂಡನ ಬೆರಳುಗಳ ಮೇಲೆ ಸ್ವಲ್ಪ ಹೆಮ್ಮೆಯಾಯಿತು. ಅದನ್ನು ಹೇಳಿದ್ದರೆ ಚೆನ್ನಾಗಿತ್ತೇನೋ. ಹೇಳಲಿಲ್ಲ.

ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂತಿದ್ದ ಹೆಂಗಸು ಕಾರ್ಡನ್ನು ಮಗುವಿನಂತೆ ಎತ್ತಿಕೊಂಡಳು. ದೀಪದ ಕೆಳಗೆ ಹಿಡಿದು ಸೀಲು ನೋಡಿದಳು, ಉಗುರಿನಿಂದ ಸವರಿದಳು.

"ಸೀಲ್ ಹಾಗೇ ಇದೆ. ಏನಾದ್ರೂ ಬಿಚ್ಚಿದ್ರಾ ಅಕ್ಕಾ?"

"ಇಲ್ಲಮ್ಮ, ನಮಗೇನು ಗೊತ್ತು ಅದೆಲ್ಲ," ಎಂದಳು ಹೆಂಡತಿ. ಬಿಚ್ಚಪ್ಪ ಗೋಡೆಯ ಕಡೆ ನೋಡುತ್ತ ನಿಂತಿದ್ದ. ಜನ್ಮದಲ್ಲಿ ಸ್ಕ್ರೂಡ್ರೈವರನ್ನೇ ಕಂಡಿಲ್ಲದವನ ಮುಖ.

"ಒಳಗೂ ಒಂದು ಸಲ ನೋಡ್ಬೇಕು, ರೂಲ್ಸು. ಸರಿಯಿದ್ರೆ ಹೊಸ ಕಾರ್ಡ್ ಈಗ್ಲೇ ಕೊಟ್ಬಿಡ್ತೀನಿ, ಸ್ಟಾಕ್ ಇದೆ," ಎಂದು ಅವಳು ಅವರೆದುರೇ ಕಾರ್ಡನ್ನು ಬಿಚ್ಚಿದಳು. ಚಿಪ್ ಮೇಲೆ ಪೇಸ್ಟು ಕೆರೆಯ ನೀರಿನಂತೆ ಸಮನಾಗಿ ಹರಡಿತ್ತು. ಅವಳು ತಲೆದೂಗಿದಳು.

"ಅಬ್ಬಾ, ಎಷ್ಟು ಚೆನ್ನಾಗಿ ಹಚ್ಚಿದಾರೆ! ಫ್ಯಾಕ್ಟರಿ ಅಂದ್ರೆ ಫ್ಯಾಕ್ಟರಿ. ಮೆಷೀನ್ ಕೆಲಸ ಅಲ್ವಾ, ಮನುಷ್ಯರ ಕೈಲಿ ಇದು ಸಾಧ್ಯಾನೇ ಇಲ್ಲ."

ಹೆಂಡತಿ ಗಂಡನ ಮೊಣಕೈ ಹಿಡಿದಳು. ತಡವಾಗಿತ್ತು.

"ಮೆಷೀನಾ?" ಎಂದ ಬಿಚ್ಚಪ್ಪ. "ಮೆಷೀನ್ ಹಚ್ಚಿದ್ದು ನೋಡಿದೀರಾ ನೀವು? ಅಂಚಿಗೆಲ್ಲ ಗಂಟು ಗಂಟು!"

"ಹೌದಾ ಸರ್? ಹಾಗಾದ್ರೆ ಇದು?"

"ರೀ..." ಎಂದಳು ಹೆಂಡತಿ.

"ಮೊದಲು ಬಟ್ಟೇಲಿ ಒರೆಸ್ಬೇಕು, ಒಂದೇ ದಿಕ್ಕಿಗೆ. ಆಮೇಲೆ ಲೆನ್ಸ್ ಚೂರಿನ ಅಂಚಲ್ಲಿ ಹೀಗೆ, ನೋಡಿ, ಹೀಗೆ ಎಳೀಬೇಕು..." ಗಾಳಿಯಲ್ಲಿ ಅವನ ಬೆರಳು ಎಷ್ಟು ಸೊಗಸಾಗಿ ಆಡಿತೆಂದರೆ, ಪಕ್ಕದ ಕುರ್ಚಿಯಲ್ಲಿ ಕೆಟ್ಟ ಪ್ರಿಂಟರ್ ಹಿಡಿದು ಕೂತಿದ್ದವರೂ ಎದ್ದು ಬಂದು ನೋಡಿದರು. ಕೌಂಟರಿನವಳು ಅಡ್ಡ ಬರದೆ ಕೊನೆಯವರೆಗೂ ಕೇಳಿದಳು. ಸೀಲು ಎತ್ತಿದ ಬಗೆಯನ್ನೂ ಅವನಾಗಿಯೇ ಹೇಳಿದ, ಯಾರೂ ಕೇಳಿರಲಿಲ್ಲ. ಎಲ್ಲ ಮುಗಿದ ಮೇಲೆ ಅವಳು ಕಾರ್ಡನ್ನು ಜೋಡಿಸಿ ಮೆಲ್ಲಗೆ ಈಚೆಗೆ ತಳ್ಳಿದಳು.

"ವಾರಂಟಿ ಬರಲ್ಲ ಸರ್. ಬಿಚ್ಚಿದೀರಿ."

ಹೆಂಡತಿ ಕಾರ್ಡನ್ನು ತನ್ನ ಕಡೆ ಎಳೆದುಕೊಂಡಳು. "ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದಳು.

"ಅನುಮಾನ ಇತ್ತು. ಸೀಲ್ ನೋಡಿದ್ರೆ ಈಗ ಯಾರೂ ಸಿಗಲ್ಲ ಅಕ್ಕಾ, ಎಲ್ಲರೂ ಹುಷಾರು. ಗದರಿಸಿದ್ರೂ ಬಾಯಿ ಬಿಡಲ್ಲ." ಅವಳ ದನಿಯಲ್ಲಿ ಹಮ್ಮು ಇರಲಿಲ್ಲ, ದಿನದ ಕೆಲಸದ ದಣಿವಿತ್ತು. "ಫ್ಯಾಕ್ಟರಿನ ಹೊಗಳ್ಬೇಕು. ಮೆಷೀನಿಗೆ ಹೆಸರು ಹೋಗೋದನ್ನ ಇವರು ಯಾರೂ ತಡ್ಕೊಳ್ಳಲ್ಲ."

ಹೊರಗೆ ಮೆಟ್ಟಿಲ ಮೇಲೆ ಬಿಸಿಲು ಓರೆಯಾಗಿ ಬಿದ್ದಿತ್ತು. ಹೆಂಡತಿ ಅಲ್ಲೇ ನಿಂತು ಪೀಠೋಪಕರಣದ ಅಂಗಡಿಯ ಯಜಮಾನರಿಗೆ ಫೋನು ಮಾಡಿದಳು. ಇವತ್ತು ಸಂಜೆಯೊಳಗೆ ಆಗುವುದಿಲ್ಲ, ಕಾರ್ಡು ಕೆಟ್ಟಿದೆ, ಇನ್ನೊಂದು ವಾರ ಕೊಟ್ಟರೆ ಬೇರೆ ಕಡೆಯಾದರೂ ಕೂತು ಮುಗಿಸುತ್ತೇನೆ ಎಂದಳು. ಯಜಮಾನರು ಒಳ್ಳೆಯವರು, ಕೆಟ್ಟ ಸುದ್ದಿಯನ್ನೂ ಸಮಾಧಾನವಾಗಿ ಹೇಳುತ್ತಿದ್ದರು. "ಬಟ್ಟೆಯಂಗಡಿಯವರು ಕಾಯಲ್ಲಮ್ಮ. ಈ ಸಲ ಬೇರೆಯವರಿಗೆ ಕೊಡ್ತೀನಿ. ತಪ್ಪು ತಿಳ್ಕೋಬೇಡ."

"ಆಯ್ತು ಸರ್," ಎಂದು ಅವಳು ಫೋನು ಇಟ್ಟಳು. ತಾನು ಬೀಳಿಸಿದ್ದ ಆ ಅಂಗಡಿಯ ಬಿಸಿಲನ್ನು ಇನ್ನು ಯಾರೂ ನೋಡುವುದಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

"ಏನಂದ್ರು?" ಎಂದು ಬಿಚ್ಚಪ್ಪ ಕೇಳಿದ.

"ನಿಮ್ಮ ಕೆಲಸ ಬಹಳ ಚೆನ್ನಾಗಿದೆಯಂತೆ."

"ಹೌದಾ? ಅವರಿಗೆ ಹೇಗೆ ಗೊತ್ತಾಯ್ತು?" ಅವನ ಮುಖ ಅರಳಿತು. ಅರಳಿದ ಮುಖವನ್ನು ಹೆಂಡತಿಯ ಕಡೆ ತಿರುಗಿಸಿದ. ಅಲ್ಲಿ ಏನು ಕಂಡನೋ, ನಗು ಅರ್ಧಕ್ಕೇ ನಿಂತಿತು. ಅವಳು ಕಾರ್ಡಿನ ಡಬ್ಬಿಯನ್ನು ಅವನ ಕೈಗಿಟ್ಟು, ಹಿಂದೆ ತಿರುಗಿ ನೋಡದೆ ಮೆಟ್ಟಿಲಿಳಿದು ಹೋದಳು.