ಗಿಳಿಹಸಿರು ಅಂಚಿಗೆ ಬಾರದ ಉತ್ತರ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಂತರೆ ಮಾತ್ರ ಜನ ಏನಾಯಿತೆಂದು ಕೇಳುತ್ತಾರೆ. ನಮ್ಮ ಮನೆಯಲ್ಲೂ ಮಗ್ಗವಿದೆ. ಅಕ್ಕನ ಮಗಳ ಮದುವೆ ಗೊತ್ತಾದಾಗ ಧಾರೆಯ ಸೀರೆಯನ್ನು ನಾನೇ ನೇಯುತ್ತೇನೆಂದು ಹಟ ಹಿಡಿದೆ. ನೇಯುವ ಸೋದರಮಾವನಿದ್ದೂ ಹುಡುಗಿ ಅಂಗಡಿ ಸೀರೆ ಉಟ್ಟು ಹಸೆಮಣೆ ಏರಿದರೆ ನಾನು ಯಾರಿಗೆ ಮುಖ ತೋರಿಸಲಿ?

ಕುಂಕುಮಗೆಂಪು ಒಡಲು, ಗಿಳಿಹಸಿರು ಅಂಚು ಎಂದೆ. ಹುಡುಗಿ ನಕ್ಕಳು.

"ಅದು ಅಜ್ಜಿ ಕಾಲದ್ದು ಮಾವ. ನಾನು ನೀಲಿ ಅಂಚೇ ಆರಿಸೋದು, ಬೇಕಾದ್ರೆ ಬೆಟ್ ಕಟ್ಟಿ. ಸೋತ್ರೆ ಮದುವೆ ದಿನ ಎಲ್ರ ಮುಂದೆ ಮಾವನೇ ಸರಿ ಅಂತೀನಿ."

ಕಟ್ಟಿದೆ. ಎರಡೂ ಅಂಚಿನ ತುಣುಕು ನೇಯ್ದು ಫೋಟೊ ತೆಗೆದೆ. ವಾಟ್ಸಾಪಿನಲ್ಲಿ ಬಣ್ಣ ಮಂಕಾಗುತ್ತದೆ, ಮೇಲ್ ಮಾಡಿ ಎಂದಿದ್ದಳು. ಮೇಲ್ ಔಟ್‌ಬಾಕ್ಸಿನಲ್ಲಿ ಕೂತಿತು, ಜಪ್ಪಯ್ಯ ಅಂದರೂ ಕದಲಲಿಲ್ಲ. ನಾನು ಸಿಟ್ಟಿನಲ್ಲಿ ಗುಂಡಿ ಒತ್ತುತ್ತಲೇ ಇದ್ದೆ.

"ಲಾಳಿ ಸಿಕ್ಕೊಂಡ್ರೆ ಮೊದ್ಲು ಮಗ್ಗ ನಿಲ್ಲಿಸ್ತೀರಿ. ಇದನ್ನ ಮಾತ್ರ ಹಿಂಗೆ ಗುದ್ದೋದಾ?" ಎಂದಳು ಹೆಂಡತಿ.

ಕೊನೆಗೆ ಇಂಟರ್‌ನೆಟ್ ಆಫ್ ಮಾಡಿ, ಆ ಮೇಲ್ ಅಳಿಸಿ, ಫೋಟೊ ಚಿಕ್ಕದು ಮಾಡಿ, ಇಂಟರ್‌ನೆಟ್ ಮತ್ತೆ ಆನ್ ಮಾಡಿ ಹೊಸದಾಗಿ ಕಳಿಸಿದೆ. ಸರ್ರನೆ ಹೋಯಿತು. ಉತ್ತರ ಮಾತ್ರ ಬರಲಿಲ್ಲ. ದಿನಗಳು ಕಳೆದವು, ಬಣ್ಣ ಹಾಕಿಸದ ನೂಲು ಮೂಲೆಯಲ್ಲೇ ಉಳಿಯಿತು.

"ಫೋನ್ ಮಾಡಿ ಕೇಳ್ಬಾರ್ದಾ?"

"ಕೇಳಿದ್ರೆ ದಾಕ್ಷಿಣ್ಯಕ್ಕೆ ಹೂಂ ಅಂತಾಳೆ ಕಣೆ. ನನ್ನ ಸೀರೆ ಅವಳಿಗೆ ಇಷ್ಟ ಇಲ್ವೇನೋ."

ಹಾಗೆ ಹೇಳುವಾಗ ನಿಜಕ್ಕೂ ಸಂಕಟವಾಗಿತ್ತು. ಆ ಸಂಕಟವನ್ನೆಲ್ಲ ಬೇಡದ ಮೇಲ್‌ಗಳ ಮೇಲೆ ತೀರಿಸಿಕೊಂಡೆ. ಸಾಲ ಕೊಡುವವರು, ಬೊಕ್ಕತಲೆಗೆ ಕೂದಲು ಬರಿಸುವವರು, ಲಾಟರಿಯವರು, ಎಲ್ಲರನ್ನೂ 'ಜಂಕ್' ಗುಂಡಿ ಒತ್ತಿ ಕಸದಂತೆ ಗುಡಿಸಿ ಹಾಕುತ್ತಿದ್ದೆ. ಒಂದು ದಿನ ಅಚ್ಚಗನ್ನಡದಲ್ಲೇ ಒಂದು ಬಂದಿತ್ತು: 'ಅಭಿನಂದನೆಗಳು, ನೀವು ಗೆದ್ದಿದ್ದೀರಿ!'

"ನೋಡೇ, ಕಳ್ಳರೂ ಕನ್ನಡ ಕಲ್ತವ್ರೆ," ಎಂದು ಹೆಂಡತಿಗೆ ತೋರಿಸಿ ಅದನ್ನೂ ಜಂಕ್‌ಗೆ ತಳ್ಳಿದೆ. ಕಳಿಸಿದವರು ಯಾರೆಂದು ನೋಡುವಷ್ಟು ತಾಳ್ಮೆ ನನಗೆ ಎಲ್ಲಿಂದ ಬರಬೇಕು?

ಮರುದಿನ ಅಕ್ಕನೇ ಫೋನ್ ಮಾಡಿದಳು. "ಸೀರೆ ಎಲ್ಲಿಗೆ ಬಂತೋ?"

"ನಿನ್ ಮಗಳು ಬಣ್ಣಾನೇ ಹೇಳಿಲ್ವಲ್ಲಕ್ಕ."

ಹುಡುಗಿ ಫೋನ್ ಕಿತ್ತುಕೊಂಡಳು. "ಮೇಲ್ ಮಾಡಿದ್ನಲ್ಲ ಮಾವ. ನೀವು ಗೆದ್ದಿದ್ದೀರಿ ಅಂತ ಮೇಲ್ಗಡೇನೇ ಬರ್ದಿದ್ದೆ."

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. ನಾನು ಜಂಕ್ ರಾಶಿ ಕೆದಕಿದೆ. ಪುಣ್ಯಕ್ಕೆ ಅಲ್ಲೇ ಇತ್ತು.

'ಗಿಳಿಹಸಿರೇ ಇರಲಿ ಮಾವ. ತುಣುಕು ನೋಡಿದ ಮೇಲೆ ನೀಲಿ ಬೇಡ ಅನ್ನಿಸಿತು. ಅಮ್ಮ ಅಂಗಡಿಗೆ ಹೋಗೋಣ ಅಂದಳು. ಮಾವನ ಮಗ್ಗದ್ದು ಬಿಟ್ಟು ಬೇರೆ ಸೀರೆ ಉಡಲ್ಲ ಅಂದೆ.'

ಮತ್ತೊಮ್ಮೆ ಓದಲು ಹೋದರೆ ಅಕ್ಷರಗಳು ಮಸುಕಾದವು. ಹೆಂಡತಿ ನಗು ನಿಲ್ಲಿಸಿ, 'ಇದು ಜಂಕ್ ಅಲ್ಲ' ಎಂಬ ಗುಂಡಿ ತೋರಿಸಿದಳು. ಈ ಸಲ ಗುದ್ದಲಿಲ್ಲ, ಮೆಲ್ಲಗೆ ಒತ್ತಿದೆ. ಆಮೇಲೆ ನೂಲು ಎತ್ತಿಕೊಂಡು ಬಣ್ಣ ಹಾಕಿಸಲು ಹೊರಟೆ.